ಫ್ರೆಡ್ ಕ್ವಿಂಬಿ ಅಂದ್ರೆ ಯಾರು?

ಶುಕ್ರವಾರ ಸಂಜೆ ಆಯ್ತು ಅಂದ್ರೆ ನಮ್ಮ ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ ತೊಂಬತ್ತರ ದಶಕ ಶುರುವಾಗುತ್ತೆ. ಮೊದಲು ಯಾರೋ ಒಬ್ಬರು ಶಕ್ತಿಮಾನ್ ಫೋಟೋ ಹಾಕ್ತಾರೆ, ಇನ್ನೊಬ್ಬರು ಕ್ಯಾಸೆಟ್ಟು-ಪೆನ್ಸಿಲ್ಲಿನ ಚಿತ್ರ. ಮೊನ್ನೆ ಬಂದದ್ದು ಟಾಮ್ ಅಂಡ್ ಜೆರ್ರಿಯ ಟೈಟಲ್ ಕಾರ್ಡು. ಕೆಳಗೆ ‘ಪ್ರೊಡ್ಯೂಸ್ಡ್ ಬೈ ಫ್ರೆಡ್ ಕ್ವಿಂಬಿ’ ಅಂತ ಬಾಗಿದ ಅಕ್ಷರ. ಅದರ ಕೆಳಗೆ ಹದಿನೈದು ಜನರ ಹಾರ್ಟ್ ಸಿಂಬಲ್ಲು. ‘ಈ ಹೆಸರು ಬಂದ್ರೆ ಎಪಿಸೋಡ್ ಗ್ಯಾರಂಟಿ ಸೂಪರ್’ ಅಂತ ಒಬ್ಬ. ‘ನಮ್ಮ ಬಾಲ್ಯ ಕಟ್ಟಿಕೊಟ್ಟ ಮಹಾನುಭಾವ’ ಅಂತ ಇನ್ನೊಬ್ಬ.

ನಾನೂ ಒಂದು ಹಾರ್ಟ್ ಒತ್ತಿದೆ. ಆಮೇಲೆ ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ: ಈ ಫ್ರೆಡ್ ಕ್ವಿಂಬಿ ನಿಜಕ್ಕೂ ಮಾಡಿದ್ದೇನು? ಎರಡು ವೀಕೆಂಡು ಅದರ ಹಿಂದೆ ಹೋಯ್ತು.

ಅದನ್ನ ಹೇಳೋಕೆ ಮೊದಲು ನಮ್ಮೂರಿನ ಕಥೆ ಒಂದಿಷ್ಟು ಹೇಳಬೇಕು. ಅರಸೀಕೆರೆ ಕಡೆಯ ಸಣ್ಣ ಊರು. ಕೇಬಲ್ ಇದ್ದದ್ದು ಕೊಬ್ಬರಿ ವ್ಯಾಪಾರದವರ ಮನೆಯಲ್ಲಿ ಮಾತ್ರ. ನಾವು ಐದಾರು ಹುಡುಗರು ಕಿಟಕಿ ಹೊರಗೆ ನಿಂತು ನೋಡ್ತಿದ್ವಿ. ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರಲ್ಲಿ. ನಮ್ಮೂರ ಕಿಟಕಿಗೆ ಬರೋಕೆ ಇನ್ನೂ ಒಂದಷ್ಟು ವರ್ಷ ಹಿಡೀತು. ಉಳಿದ ಕಾರ್ಟೂನಿನವರು ಇಂಗ್ಲಿಷಲ್ಲಿ ಪಟಪಟ ಮಾತಾಡ್ತಿದ್ರು, ಒಂದಕ್ಷರ ಅರ್ಥ ಆಗ್ತಿರಲಿಲ್ಲ. ಟಾಮ್ ಅಂಡ್ ಜೆರ್ರಿಗೆ ಮಾತೇ ಬೇಕಿರಲಿಲ್ಲ. ಬೆಕ್ಕು ಕಿರುಚಿದರೆ ನಮಗೂ ನೋವಾಗ್ತಿತ್ತು, ಅಷ್ಟು ಸಾಕಿತ್ತು. ‘ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ’ ಅನ್ನೋ ಗಾದೆ ಕೇಳಿ ಬೆಳೆದ ನಮಗೆ ಅದನ್ನ ಉಲ್ಟಾ ಮಾಡಿ ತೋರಿಸಿದ್ದೇ ದೊಡ್ಡ ಜೋಕು. ರಾತ್ರಿಯಾದರೆ ಅದೇ ಚಾನೆಲ್ಲಿನಲ್ಲಿ ಟಿಎನ್‌ಟಿ ಶುರುವಾಗಿ ಹಳೇ ಇಂಗ್ಲಿಷ್ ಸಿನಿಮಾ ಬರ್ತಿದ್ವು. ಅಲ್ಲೂ ಆಗಾಗ ಒಂದು ಸಿಂಹ ಗರ್ಜಿಸ್ತಿತ್ತು. ಸಿಂಹ ನೋಡಿ ಮತ್ತೆ ಟಾಮ್ ಅಂಡ್ ಜೆರ್ರಿ ಅಂತ ಓಡಿ ಬಂದು, ಯಾರೋ ಗೌನು ಹಾಕಿಕೊಂಡ ಹೆಂಗಸು ಅಳೋದನ್ನ ನೋಡಿ ವಾಪಸ್ ಹೋಗ್ತಿದ್ವಿ.

ಆ ಸಿಂಹದ ಗುಟ್ಟು ಗೊತ್ತಾದದ್ದು ಈಗ. ಎರಡೂ ಎಂಜಿಎಂ ಸ್ಟುಡಿಯೋದ್ದೇ ಸರಕು. ಎಂಬತ್ತರ ದಶಕದಲ್ಲಿ ಟೆಡ್ ಟರ್ನರ್ ಆ ಸ್ಟುಡಿಯೋದ ಹಳೇ ಚಿತ್ರಗಳ ಭಂಡಾರವನ್ನೇ ಕೊಂಡುಕೊಂಡಿದ್ದ. ಚಾನೆಲ್ಲುಗಳು ಹುಟ್ಟಿದ್ದು ಅದನ್ನ ಉಪಯೋಗಿಸೋಕೆ. ಅಂದ್ರೆ ನಾವು ಕಿಟಕಿಯಲ್ಲಿ ನೋಡ್ತಿದ್ದದ್ದು ತೊಂಬತ್ತರ ದಶಕದ ಮಕ್ಕಳ ಕಾರ್ಯಕ್ರಮ ಅಲ್ಲವೇ ಅಲ್ಲ. ಅದು 1940ರ ದಶಕದಲ್ಲಿ ಅಮೆರಿಕದ ಥಿಯೇಟರುಗಳಲ್ಲಿ, ದೊಡ್ಡವರು ಟಿಕೆಟ್ ಕೊಂಡು ನೋಡ್ತಿದ್ದ ಸಿನಿಮಾಗೆ ಮುಂಚೆ ಹಾಕ್ತಿದ್ದ ಏಳು ನಿಮಿಷದ ಚಿತ್ರ. ನಮ್ಮ ಅಜ್ಜನ ಕಾಲದ್ದು. ‘ನಮ್ಮ ಬಾಲ್ಯ’ ಅಂತ ನಾವು ಎದೆ ತಟ್ಟಿಕೊಳ್ಳೋದು ಬೇರೆ ಯಾರದ್ದೋ ಕೆಲಸವನ್ನ.

ಸರಿ, ಯಾರದ್ದು? ಕ್ವಿಂಬಿಯದ್ದಂತೂ ಅಲ್ಲ. ಆತ ಚಿತ್ರ ಬರೆಯುವವನಲ್ಲ. ಸಿನಿಮಾ ವ್ಯಾಪಾರದಿಂದ ಬಂದವನು: ಥಿಯೇಟರ್ ನಡೆಸಿ, ಚಿತ್ರ ವಿತರಣೆ ಮಾಡಿ, ಎಂಜಿಎಂನ ಕಿರುಚಿತ್ರ ವಿಭಾಗ ನೋಡಿಕೊಂಡು, 1937ರಲ್ಲಿ ಅದರ ಕಾರ್ಟೂನ್ ವಿಭಾಗ ಕಟ್ಟಿದವನು. ನಮ್ಮ ಭಾಷೆಯಲ್ಲಿ ಡೆಲಿವರಿ ಹೆಡ್ ಅನ್ನಿ. ಬೆಕ್ಕು-ಇಲಿಯನ್ನ ಹುಟ್ಟಿಸಿದವರು ಅವನ ಕೈಕೆಳಗಿನ ಇಬ್ಬರು: ವಿಲಿಯಂ ಹ್ಯಾನಾ, ಜೋಸೆಫ್ ಬಾರ್ಬೆರಾ. ಒಬ್ಬ ಕಟ್ಟಡದ ಇಂಜಿನಿಯರಿಂಗ್ ಕೆಲಸ ಮಾಡಿ ಬಂದವನು, ಇನ್ನೊಬ್ಬ ನ್ಯೂಯಾರ್ಕಿನ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಬಾರ್ಬೆರಾ ಕಥೆ ಕಟ್ಟಿ ಸ್ಕೆಚ್ ಹಾಕ್ತಿದ್ದ. ಹ್ಯಾನಾ ಟೈಮಿಂಗ್ ನೋಡ್ತಿದ್ದ, ಯಾವ ಏಟು ಎಷ್ಟನೇ ಫ್ರೇಮಿಗೆ ಬೀಳಬೇಕು ಅನ್ನೋ ಲೆಕ್ಕ. ನಮ್ಮನ್ನ ಬಿದ್ದು ಬಿದ್ದು ನಗಿಸಿದ ಟಾಮ್‌ನ ಆ ಕಿರುಚಾಟ ಇದೆಯಲ್ಲ, ಅದು ಹ್ಯಾನಾನದ್ದೇ ದನಿ.

ಇವರ ಮೊದಲ ಚಿತ್ರ ‘ಪುಸ್ ಗೆಟ್ಸ್ ದ ಬೂಟ್’ 1940ರ ಫೆಬ್ರವರಿಯಲ್ಲಿ ಬಂತು. ಅದರಲ್ಲಿ ಬೆಕ್ಕಿನ ಹೆಸರು ಜಾಸ್ಪರ್. ಇಲಿಗೆ ಹೆಸರೇ ಇಲ್ಲ. ಹ್ಯಾನಾ-ಬಾರ್ಬೆರಾ ಹೆಸರೂ ಇಲ್ಲ! ಟೈಟಲ್ಲಿನಲ್ಲಿ ಇದ್ದದ್ದು ಮೇಲಿನವನಾದ ರುಡಾಲ್ಫ್ ಐಸಿಂಗ್ ಹೆಸರು ಮಾತ್ರ. ಚಿತ್ರ ಆಸ್ಕರ್‌ಗೆ ನಾಮನಿರ್ದೇಶನವಾಯ್ತು. ಅಷ್ಟಾದರೂ ಒಂದೇ ಜೋಡಿಯ ಮೇಲೆ ಎಲ್ಲ ದುಡ್ಡು ಹಾಕೋದು ಬೇಡ ಅಂತ ಕ್ವಿಂಬಿ ಹಿಂದೇಟು ಹಾಕಿದ್ದ. ಟೆಕ್ಸಸ್‌ನ ಪ್ರದರ್ಶಕಿಯೊಬ್ಬರು ಆ ಬೆಕ್ಕು-ಇಲಿಯ ಇನ್ನಷ್ಟು ಚಿತ್ರ ಕಳಿಸಿ ಅಂತ ಪತ್ರ ಬರೆದ ಮೇಲೆ ದಾರಿ ಸುಗಮ ಆಯ್ತು. ಟಾಮ್, ಜೆರ್ರಿ ಅನ್ನೋ ಹೆಸರು ಬಂದದ್ದೂ ಸ್ಟುಡಿಯೋ ಒಳಗಿನ ಒಂದು ಸ್ಪರ್ಧೆಯಿಂದ. ಗೆದ್ದವನು ಜಾನ್ ಕಾರ್ ಅನ್ನೋ ಅನಿಮೇಟರ್. ಬಹುಮಾನ 50 ಡಾಲರ್. ಜಗತ್ತಿನ ಅತಿ ಪ್ರಸಿದ್ಧ ಎರಡು ಹೆಸರು, 50 ಡಾಲರಿಗೆ.

ಮಾಹಿತಿ ಸಾಕು, ಚಿತ್ರಕ್ಕೆ ಬರೋಣ. ಒಂದನ್ನ ಮಾತ್ರ ಎತ್ತಿಕೊಳ್ತೀನಿ: ‘ದ ಕ್ಯಾಟ್ ಕಾನ್ಸರ್ಟೊ’. ಟಾಮ್ ಕೋಟು ಹಾಕಿಕೊಂಡು ಪಿಯಾನೊ ಬಾರಿಸ್ತಾನಲ್ಲ, ಅದೇ. ಬಾರಿಸೋದು ಲಿಸ್ಟ್‌ನ ಎರಡನೇ ಹಂಗೇರಿಯನ್ ರಾಪ್ಸಡಿ. ಪಿಯಾನೊ ಒಳಗೆ ಸುತ್ತಿಗೆಗಳ ಮೇಲೆ ಮಲಗಿದ್ದ ಜೆರ್ರಿಗೆ ಎಚ್ಚರ ಆಗತ್ತೆ, ಯುದ್ಧ ಶುರುವಾಗತ್ತೆ.

ಚಿಕ್ಕವನಿದ್ದಾಗ ಇದರಲ್ಲಿ ನನಗೆ ಕಂಡದ್ದು ಜೆರ್ರಿಯ ತರಲೆ. ಈಗ ನೋಡಿದರೆ ಕಾಣೋದು ಟಾಮ್‌ನ ಅವಸ್ಥೆ. ಬೇರೆ ಚಿತ್ರಗಳಲ್ಲಿ ಅವನು ಇಲಿ ಹಿಂದೆ ಓಡಬಹುದು, ಸುತ್ತಿಗೆ ತರಬಹುದು. ಇಲ್ಲಿ ಸಭೆ ತುಂಬಿದೆ, ಸಂಗೀತ ನಿಲ್ಲಿಸೋ ಹಾಗಿಲ್ಲ. ಬೆರಳ ಮೇಲೆ ಮುಚ್ಚಳ ಬಿದ್ದರೂ, ಕೀಲಿಮಣೆ ಜಾಗದಲ್ಲಿ ಇಲಿಬೋನು ಇದ್ದು ಬೆರಳು ಸಿಕ್ಕಿಕೊಂಡರೂ, ಮುಖದ ಮೇಲೆ ಆ ಗಣ್ಯ ಕಳೆ ಇಟ್ಟುಕೊಂಡೇ ಮುಂದಿನ ಸ್ವರಕ್ಕೆ ಹೋಗಬೇಕು. ಕೈ ಇಲಿ ಹಿಡಿಯೋದ್ರಲ್ಲಿ ಇದ್ದಾಗ ಕಾಲಲ್ಲಿ ಬಾರಿಸ್ತಾನೆ. ಹಾಸ್ಯ ಹುಟ್ಟೋದು ಏಟಿನಿಂದಲ್ಲ, ಏಟು ಬಿದ್ದರೂ ನಿಲ್ಲಿಸಲಾರದ ಕಟ್ಟುಪಾಡಿನಿಂದ. ಪ್ರೊಡಕ್ಷನ್ ಸರ್ವರ್ ಬಿದ್ದಿರುವಾಗ ಕ್ಲೈಂಟ್ ಕಾಲ್‌ನಲ್ಲಿ ನಗುನಗುತ್ತಾ ಡೆಮೊ ಕೊಟ್ಟವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಥಿಯೇಟರಿನಲ್ಲಿ ಕೂತಿದ್ದ ನಲವತ್ತರ ದಶಕದ ನೌಕರಿಯವರೂ ಇದಕ್ಕೇ ನಕ್ಕಿರಬೇಕು. ಇದು ದೊಡ್ಡವರಿಗೆ ಮಾಡಿದ ಚಿತ್ರ ಅಂತ ನಾನು ಹೇಳೋದು ಅದಕ್ಕೆ.

ಎರಡನೇ ಸಲ ನೋಡುವಾಗ ಸೌಂಡ್ ಮ್ಯೂಟ್ ಮಾಡಿ ಟಾಮ್‌ನ ಕೈ ಮಾತ್ರ ನೋಡಿ. ಬೆರಳುಗಳು ಸುಮ್ಮನೆ ಆಡ್ತಿಲ್ಲ; ಏರುವಾಗ ಏರ್ತವೆ, ಇಳಿಯುವಾಗ ಇಳಿಯುತ್ತವೆ, ದಾಟುವಾಗ ಒಂದರ ಮೇಲೊಂದು ದಾಟ್ತವೆ. ಸಂಗೀತ ಗೊತ್ತಿಲ್ಲದ ನನ್ನಂಥವನ ಕಿವಿಗೂ ಆ ಕೈಯಿಂದ ಸ್ವರ ಕೇಳತ್ತೆ. ಸೆಕೆಂಡಿಗೆ 24 ಫ್ರೇಮು. ಏಳು ನಿಮಿಷಕ್ಕೆ ಲೆಕ್ಕ ಹಾಕಿ, 10,080 ಫ್ರೇಮು. ಎಷ್ಟೋ ಕಡೆ ಒಂದು ಚಿತ್ರ ಎರಡು ಫ್ರೇಮಿಗೆ ನಡೆಯುತ್ತೆ, ವೇಗದ ಕಡೆ ಒಂದೊಂದಕ್ಕೂ ಬೇರೆ ಚಿತ್ರ ಬೇಕು. ಪ್ರತಿಯೊಂದನ್ನೂ ಪೆನ್ಸಿಲ್ಲಿನಲ್ಲಿ ಬರೆದು, ಪಾರದರ್ಶಕ ಸೆಲ್ಲುಲಾಯ್ಡ್ ಹಾಳೆಯ ಮೇಲೆ ಇಂಕಿನಲ್ಲಿ ತಿದ್ದಿ, ಹಿಂಬದಿಯಿಂದ ಬಣ್ಣ ತುಂಬಿ, ಬಣ್ಣದ ಹಿನ್ನೆಲೆಯ ಮೇಲಿಟ್ಟು ಕ್ಯಾಮೆರಾ ಕ್ಲಿಕ್ಕಿಸಬೇಕು. ಟಾಮ್-ಜೆರ್ರಿಗೆ ಜೀವ ಕೊಟ್ಟ ಅನಿಮೇಟರುಗಳು ಕೆನೆತ್ ಮ್ಯೂಸ್, ಎಡ್ ಬಾರ್ಜ್, ಇರ್ವೆನ್ ಸ್ಪೆನ್ಸ್, ರೇ ಪ್ಯಾಟರ್ಸನ್. ಸಂಗೀತ ಸ್ಕಾಟ್ ಬ್ರಾಡ್ಲಿ. ಸಂಭಾಷಣೆ ಇಲ್ಲದ ಚಿತ್ರದಲ್ಲಿ ಮಾತಾಡಿದ್ದು ಈತನ ಆರ್ಕೆಸ್ಟ್ರಾ. 1944ರ ‘ಪುಟ್ಟಿನ್ ಆನ್ ದ ಡಾಗ್’ನಲ್ಲಿ ಷೋನ್‌ಬರ್ಗ್‌ನ ಹನ್ನೆರಡು ಸ್ವರಗಳ ಪದ್ಧತಿಯನ್ನೇ ಬೆಕ್ಕು-ಇಲಿ ಓಟಕ್ಕೆ ಹಚ್ಚಿಬಿಟ್ಟಿದ್ದ. ಆಗಿನ ಕಾಲದ ಅತಿ ಕಠಿಣ ಸಂಗೀತವನ್ನ ನಾವು ಕಿಟಕಿಯಲ್ಲಿ ನಿಂತು ಕಡಲೆಕಾಯಿ ತಿನ್ನುತ್ತಾ ಕೇಳಿದ್ದೀವಿ ಅಂತಾಯ್ತು.

ಇಷ್ಟಾದರೂ ಇಂಕು ತಿದ್ದಿದವರು, ಬಣ್ಣ ತುಂಬಿದವರು ಯಾರು ಅಂತ ಪರದೆ ಹೇಳಲ್ಲ. ಆ ಕಾಲದ ಸ್ಟುಡಿಯೋಗಳಲ್ಲಿ ಆ ವಿಭಾಗದಲ್ಲಿ ಇದ್ದವರು ಬಹುಪಾಲು ಹೆಂಗಸರು. ನಾವು ನಿಜವಾಗಿ ಪರದೆಯ ಮೇಲೆ ಕಣ್ಣಾರೆ ನೋಡೋದು ಅನಿಮೇಟರನ ಪೆನ್ಸಿಲ್ ಗೆರೆಯನ್ನಲ್ಲ, ಆ ಹೆಂಗಸರ ಕೈಗೆರೆಯನ್ನ. ‘ಕ್ಯಾಟ್ ಕಾನ್ಸರ್ಟೊ’ದ ಟೈಟಲ್ಲಿನಲ್ಲಿ ಪಿಯಾನೊ ನುಡಿಸಿದವರ ಹೆಸರೂ ಇಲ್ಲ, ನೋಡಿ. ಇಡೀ ಚಿತ್ರವೇ ಪಿಯಾನೊ ಬಗ್ಗೆ!

ಈಗ ಕ್ಲೈಮ್ಯಾಕ್ಸು. ಜೆರ್ರಿ ಕೊನೆಯ ಸ್ವರಗಳನ್ನ ಮತ್ತೆ ಮತ್ತೆ ಎಳೆದು ಟಾಮ್‌ನ ಸುಸ್ತು ಮಾಡ್ತಾನೆ. ಟಾಮ್ ಕೂದಲು ಕೆದರಿ, ಬಟ್ಟೆ ಜಾರಿ, ಕುಸಿದು ಬೀಳ್ತಾನೆ. ಚಪ್ಪಾಳೆ. ಬೆಳಕಿನ ವೃತ್ತ ಸರಿದು ಹೋಗಿ ನಿಲ್ಲೋದು ಜೆರ್ರಿಯ ಮೇಲೆ; ಅವನು ನೀಟಾಗಿ ಕೋಟು ಹಾಕಿಕೊಂಡು ಬಾಗಿ ನಮಸ್ಕರಿಸ್ತಾನೆ.

1947ರ ಸಮಾರಂಭದಲ್ಲಿ ಈ ಚಿತ್ರಕ್ಕೆ ಆಸ್ಕರ್ ಬಂತು. ತೆಗೆದುಕೊಂಡದ್ದು ಫ್ರೆಡ್ ಕ್ವಿಂಬಿ.

ಹ್ಯಾನಾ-ಬಾರ್ಬೆರಾ ಕಾಲದ 114 ಚಿತ್ರಗಳಲ್ಲಿ ಏಳಕ್ಕೆ ಆಸ್ಕರ್ ಸಿಕ್ಕಿದೆ. ಪ್ರಶಸ್ತಿ ಸಲ್ಲುತ್ತಿದ್ದದ್ದು ನಿರ್ಮಾಪಕನಿಗೆ, ಅದು ಆಗಿನ ನಿಯಮ. ನಿರ್ದೇಶಕರಿಬ್ಬರನ್ನ ವೇದಿಕೆಗೆ ಕರೆಯಲಿಲ್ಲ. ನಿಯಮದ ಪ್ರಕಾರ ತಪ್ಪಿಲ್ಲ, ಒಪ್ಪೋಣ. ಆದರೆ ಎಪ್ಪತ್ತೈದು ವರ್ಷ ಕಳೆದ ಮೇಲೂ, ಯಾವ ನಿಯಮವೂ ಇಲ್ಲದ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಹಾರ್ಟ್ ಹೋಗ್ತಾ ಇರೋದೂ ಅವನಿಗೇ. ಹಳೇದನ್ನ ನೆನೆದು ಹನಿಗಣ್ಣಾಗೋ ನಮ್ಮ ಅಭ್ಯಾಸದ ಮೇಲೆ ನನಗಿರೋ ಮೊದಲ ತಕರಾರು ಇದು. ನಾವು ನೆನಪು ಮಾಡಿಕೊಳ್ಳೋದು ಕಾರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದನ್ನ ಮಾತ್ರ.

ಹೆಸರಿನ ಈ ಜಗಳ ಎಂಜಿಎಂನಲ್ಲಿ ಮಾತ್ರ ಇದ್ದದ್ದಲ್ಲ. ವಾರ್ನರ್ ಕಾರ್ಟೂನುಗಳಲ್ಲಿ ಎಷ್ಟೋ ವರ್ಷ ಅನಿಮೇಟರುಗಳ ಹೆಸರನ್ನ ಸರದಿ ಮೇಲೆ ಹಾಕ್ತಿದ್ರು. ಕೆಲಸ ನಾಲ್ಕು ಜನರದ್ದು, ಈ ಚಿತ್ರದಲ್ಲಿ ಇವನ ಹೆಸರು, ಮುಂದಿನದರಲ್ಲಿ ಅವನದ್ದು. ಬಗ್ಸ್ ಬನ್ನಿಗೆ ದನಿ ಕೊಟ್ಟ ಮೆಲ್ ಬ್ಲಾಂಕ್ ಸಂಬಳ ಜಾಸ್ತಿ ಕೇಳಿದಾಗ ನಿರ್ಮಾಪಕ ಲಿಯಾನ್ ಶ್ಲೆಸಿಂಜರ್ ಆಗಲ್ಲ ಅಂದು, ಅದರ ಬದಲು ಪರದೆ ಮೇಲೆ ಹೆಸರು ಹಾಕಿಸಿದ ಅನ್ನೋ ಕಥೆ ಪ್ರಸಿದ್ಧ. ಹೈಕ್ ಇಲ್ಲ, ಡೆಸಿಗ್ನೇಶನ್ ತಗೋ! 1941ರ ಮೇ ಕೊನೆಗೆ ಡಿಸ್ನಿ ಸ್ಟುಡಿಯೋದಲ್ಲಿ ಮುಷ್ಕರ ನಡೆದಾಗಲೂ ಸಂಬಳದ ಜೊತೆ ಹೆಸರಿನ ಅಸಮಾಧಾನವೂ ಇತ್ತು.

ನನಗೆ ಹೆಚ್ಚು ತಟ್ಟಿದ್ದು ಪ್ರಾಗ್‌ನ ಕಥೆ. 1961-62ರಲ್ಲಿ ಜೀನ್ ಡೀಚ್ ಅನ್ನೋ ಅಮೆರಿಕನ್ ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದಲ್ಲಿ ಕೂತು 13 ಟಾಮ್ ಅಂಡ್ ಜೆರ್ರಿ ಚಿತ್ರ ಮಾಡಿದ. ಅವೇ, ಸೌಂಡು ಗವಿಯೊಳಗಿಂದ ಬಂದ ಹಾಗಿರೋ, ನಾವು ‘ಡೂಪ್ಲಿಕೇಟ್’ ಅಂತ ಬಯ್ಯುತ್ತಿದ್ದ ಚಿತ್ರಗಳು. ಅದು ಔಟ್‌ಸೋರ್ಸಿಂಗ್. ಅದು ಶೀತಲ ಸಮರದ ಕಾಲ ಬೇರೆ, ಹಾಗಾಗಿ ಟೈಟಲ್ಲಿನಲ್ಲಿ ಚೆಕ್ ಹೆಸರುಗಳನ್ನ ಇಂಗ್ಲಿಷಿಗೆ ತಿರುಗಿಸಿದರು: ಸಂಗೀತಗಾರ ಸ್ಟೆಪಾನ್ ಕೊನಿಚೆಕ್ ‘ಸ್ಟೀವನ್’ ಆದ, ವಾತ್ಸ್ಲಾವ್ ಲಿಡ್ಲ್ ‘ವಿಕ್ಟರ್ ಲಿಟಲ್’ ಆದ. ಇದನ್ನ ಓದಿದಾಗ ನನ್ನ ಮೊದಲ ಪಿಜಿ ರೂಮ್‌ಮೇಟ್ ನೆನಪಾದ. ಬೆಂಗಳೂರಿನ ಕಾಲ್‌ಸೆಂಟರ್ ಒಂದರಲ್ಲಿ ರಾತ್ರಿ ಪಾಳಿ. ಮನೆಯಲ್ಲಿ ಶಿವಲಿಂಗ, ಹೆಡ್‌ಫೋನ್ ಹಾಕಿದರೆ ಸ್ಟೀವ್. ಡೀಚ್ ಚಿತ್ರಗಳು ಈಗಲೂ ನನಗೆ ಹಿಡಿಸಲ್ಲ. ದೇಹಗಳಿಗೆ ಭಾರವಿಲ್ಲ, ನೋವು ಹಾಸ್ಯವಾಗದೆ ನೋವಾಗಿಯೇ ಉಳಿದುಬಿಡತ್ತೆ. ಆದರೆ ‘ಡೂಪ್ಲಿಕೇಟ್’ ಅನ್ನೋದನ್ನ ಬಿಟ್ಟಿದ್ದೀನಿ. ಕಡಿಮೆ ದುಡ್ಡಿನಲ್ಲಿ, ಬೇರೆಯವರ ಪಾತ್ರವನ್ನ, ಬೇರೆಯವರ ಹೆಸರಲ್ಲಿ ಮಾಡಿದವರು ಅವರು.

ಹಾಗಂತ ಹ್ಯಾನಾ-ಬಾರ್ಬೆರಾ ಕಾಲದ್ದೆಲ್ಲ ಚಿನ್ನವೂ ಅಲ್ಲ. ಮನೆಯಲ್ಲಿ ಪೊರಕೆ ಹಿಡಿದು ಟಾಮ್‌ನ ಬಯ್ಯೋ ಹೆಂಗಸು ನೆನಪಿದೆಯಲ್ಲ? ಬರೀ ಕಾಲು ಕಾಣ್ತಿತ್ತು. ಮುಖ ಯಾಕೆ ತೋರಿಸಲ್ಲ ಅಂತ ನಾವು ಕಿಟಕಿಯಲ್ಲಿ ಜಗಳ ಆಡ್ತಿದ್ವಿ. ಕ್ಯಾಮೆರಾ ಇಲಿಯ ಎತ್ತರಕ್ಕೆ ಇರೋದ್ರಿಂದ ಅಂತ ನಾನು ಜಾಣತನದ ಥಿಯರಿ ಹೇಳಿದ್ದೆ. ಆಕೆ ಅಮೆರಿಕದ ಜನಾಂಗೀಯ ವ್ಯಂಗ್ಯದ ಪಡಿಯಚ್ಚು: ದಪ್ಪಗಿನ ಕಪ್ಪು ಮನೆಗೆಲಸದವಳು, ಒರಟು ಉಚ್ಚಾರ. ದನಿ ಕೊಟ್ಟದ್ದು ಲಿಲಿಯನ್ ರ‍್ಯಾಂಡಾಲ್ಫ್ ಅನ್ನೋ ಕಪ್ಪು ನಟಿ. ಆಗಿನ ಟೈಟಲ್ಲಿನಲ್ಲಿ ಆಕೆಯ ಹೆಸರೂ ಇರಲಿಲ್ಲ. ವಿರೋಧ ಎದ್ದಿತ್ತು; 1952ರ ನಂತರ ಆ ಪಾತ್ರ ಕಾಣಿಸಲಿಲ್ಲ. ಅರವತ್ತರ ದಶಕದಲ್ಲಿ ಟಿವಿಗಾಗಿ ಕೆಲವು ಚಿತ್ರಗಳಲ್ಲಿ ಆಕೆಯ ಜಾಗಕ್ಕೆ ಬಿಳಿ ಹೆಂಗಸನ್ನ ಹೊಸದಾಗಿ ಬರೆದು ಜೂನ್ ಫೋರೆಯಿಂದ ದನಿ ಕೊಡಿಸಿದರು. ಅಂದ್ರೆ ಮೊದಲು ಮುಖ ಇಲ್ಲ, ಆಮೇಲೆ ಹೆಸರಿಲ್ಲ, ಕೊನೆಗೆ ದನಿಯೂ ಇಲ್ಲ. ಅವಮಾನದ ಚಿತ್ರವನ್ನ ತೆಗೀಬೇಕು ಅನ್ನೋದು ಸರಿಯೇ. ಆದರೆ ಆ ಕಾಲದಲ್ಲಿ ಸಿಕ್ಕ ಇಕ್ಕಟ್ಟಿನ ಜಾಗದಲ್ಲೇ ನಗು ಹುಟ್ಟಿಸಿದ ನಟಿಯ ದನಿ ಅದರ ಜೊತೆ ಹೋಯ್ತು. ಇದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ‘ಆ ಕಾಲವೇ ಚೆನ್ನಾಗಿತ್ತು’ ಅಂತ ಫಾರ್ವರ್ಡ್ ಮಾಡೋ ಮುಂಚೆ ಯಾರಿಗೆ ಚೆನ್ನಾಗಿತ್ತು ಅಂತ ಕೇಳಿಕೊಳ್ಳೋದು ಮಾತ್ರ ಗೊತ್ತು.

ಇದೆಲ್ಲ ಮುಗಿದದ್ದು ಹೇಗೆ ಅನ್ನೋದು ನನ್ನ ಎರಡನೇ ತಕರಾರು. ಕ್ವಿಂಬಿ 1955ರಲ್ಲಿ ನಿವೃತ್ತನಾದ. 1957ರಲ್ಲಿ ಎಂಜಿಎಂ ಕಾರ್ಟೂನ್ ವಿಭಾಗವನ್ನೇ ಮುಚ್ಚಿತು. ಸುದ್ದಿ ಬಂದದ್ದು ಒಂದು ಫೋನ್ ಕರೆಯಲ್ಲಿ. ಕಾರಣ ಕೇಳಿ: ಹಳೇ ಕಾರ್ಟೂನನ್ನ ಮತ್ತೆ ಬಿಡುಗಡೆ ಮಾಡಿದರೆ ಹೊಸದಕ್ಕೆ ಬರುವಷ್ಟೇ ದುಡ್ಡು ಹೆಚ್ಚುಕಮ್ಮಿ ಬರತ್ತೆ ಅಂತ ಲೆಕ್ಕದವರಿಗೆ ಹೊಳೆದಿತ್ತು. ಟಿವಿ ಬಂದಿತ್ತು, ಥಿಯೇಟರುಗಳಿಗೆ ಕಿರುಚಿತ್ರ ಬೇಡವಾಗಿತ್ತು, ಅದೂ ನಿಜ. ಆದರೆ ಆ ಲೆಕ್ಕದ ಒಳಗೆ ನಮ್ಮ ಮುಖ ಇದೆ. ಜನ ಹಳೇದನ್ನೇ ಖುಷಿಯಿಂದ ಮತ್ತೆ ನೋಡ್ತಾರೆ ಅಂದಮೇಲೆ ಹೊಸದನ್ನ ಮಾಡುವವರಿಗೆ ಸಂಬಳ ಯಾಕೆ ಕೊಡಬೇಕು? ಹಳೇದರ ಮೇಲಿನ ಪ್ರೀತಿ ಅದನ್ನ ಮಾಡಿದವರ ಕೆಲಸವನ್ನೇ ಕಿತ್ತುಕೊಂಡಿತು.

ಆಮೇಲೆ ಹ್ಯಾನಾ-ಬಾರ್ಬೆರಾ ಅದೇ ವರ್ಷ ತಮ್ಮದೇ ಕಂಪನಿ ಕಟ್ಟಿ ಟಿವಿಗೆ ಹೋದರು. ಹಿಂದೆ ಏಳು ನಿಮಿಷದ ಚಿತ್ರಕ್ಕೆ ಸಿಗ್ತಿದ್ದ ದುಡ್ಡಿನ ಹತ್ತನೇ ಒಂದು ಪಾಲೂ ಅಲ್ಲಿ ಸಿಗ್ತಿರಲಿಲ್ಲ. ಹಾಗಾಗಿ ದೇಹ ಅಲ್ಲಾಡದೆ ಬಾಯಿ ಮಾತ್ರ ಆಡಿತು, ಓಡುವಾಗ ಹಿಂದಿನ ಗೋಡೆಯ ಅದೇ ಕಿಟಕಿ ಹತ್ತು ಸಲ ದಾಟಿತು. ‘ಹಕಲ್‌ಬೆರಿ ಹೌಂಡ್’, ‘ಫ್ಲಿಂಟ್‌ಸ್ಟೋನ್ಸ್’ ಬಂದದ್ದು ಹಾಗೆ. ನೆನಪಿಡಿ, ಅವರೇ ಇಬ್ಬರು; ಕೆನೆತ್ ಮ್ಯೂಸ್‌ನಂಥ ಹಳೇ ಅನಿಮೇಟರುಗಳೂ ಜೊತೆಗಿದ್ದರು. ಪ್ರತಿಭೆ ಎಲ್ಲೂ ಓಡಿಹೋಗಿರಲಿಲ್ಲ. ಒಂದು ಬೆರಳು ಒಂದು ಸ್ವರಕ್ಕೆ ಸರಿಯಾಗಿ ಬೀಳೋಕೆ ಬೇಕಾದ ಟೈಮು ಹೋಗಿತ್ತು. ‘ಈಗಿನ ಕಾರ್ಟೂನಿನಲ್ಲಿ ಜೀವ ಇಲ್ಲ’ ಅನ್ನೋರು ಈಗಿನವರ ಯೋಗ್ಯತೆ ಬಗ್ಗೆ ಮಾತಾಡ್ತಾರೆ. ನಾನು ಕೇಳೋದು, ಅವರಿಗೆ ಡೆಡ್‌ಲೈನ್ ಎಷ್ಟು ದಿನ ಕೊಟ್ಟಿದ್ದಿರಿ ಅಂತ.

ಹಳೇ ಟೈಟಲ್ ಕಾರ್ಡಿನಲ್ಲಿ ‘ಟೆಕ್ನಿಕಲರ್’ ಅನ್ನೋ ಪದ ನೋಡಿರ್ತೀರಿ. ಅದೇ ಹೆಸರು ಹೊತ್ತ ಕಂಪನಿಯ ಬೆಂಗಳೂರು ಸ್ಟುಡಿಯೋದಲ್ಲಿ ನಮ್ಮ ಹುಡುಗ ಹುಡುಗಿಯರು ಜಗತ್ತಿನ ಸಿನಿಮಾಗಳಿಗೆ ಅನಿಮೇಷನ್, ವಿಎಫ್‌ಎಕ್ಸ್ ಮಾಡ್ತಿದ್ದರು. 2025ರ ಫೆಬ್ರವರಿಯಲ್ಲಿ ಅದರ ಬಾಗಿಲು ಮುಚ್ಚಿತು. ಆ ವಾರವೂ ನಮ್ಮ ಗ್ರೂಪಿನಲ್ಲಿ ತೊಂಬತ್ತರ ಕಾರ್ಟೂನಿನ ಫಾರ್ವರ್ಡು ಬಂದಿತ್ತು. ಇದರ ಬಗ್ಗೆ ಒಂದು ಮೆಸೇಜೂ ಇರಲಿಲ್ಲ, ನನ್ನದೂ ಸೇರಿ.

ಕೊನೆಗೆ ನನ್ನದೇ ಒಂದು ತಪ್ಪೊಪ್ಪಿಗೆ. ಕೆಲವು ವರ್ಷದ ಹಿಂದೆ, ಆಗಿದ್ದ ಕಂಪನಿಯಲ್ಲಿ ನಾವು ಐದು ಜನ ಎಂಟು ತಿಂಗಳು ಒದ್ದಾಡಿ ಒಂದು ಸಿಸ್ಟಮ್ ಬದಲಾಯಿಸಿದ್ವಿ. ಆನ್ಯುಯಲ್ ಡೇ ದಿನ ಪ್ರಶಸ್ತಿ ಬಂತು. ವೇದಿಕೆ ಹತ್ತಿದವರು ಬೇರೆ. ಸ್ಲೈಡಿನಲ್ಲಿ ಅವರ ಹೆಸರು, ಪಕ್ಕದಲ್ಲಿ ‘ಅಂಡ್ ಟೀಮ್’. ಆ ‘ಅಂಡ್ ಟೀಮ್’ ಅನ್ನ ನಾನು ಎಷ್ಟೋ ದಿನ ಬಯ್ದುಕೊಂಡು ಓಡಾಡಿದ್ದೆ. ಈ ಲೇಖನಕ್ಕೆ ಅಂತ ಟೈಟಲ್ ಕಾರ್ಡುಗಳನ್ನ ಪಾಸ್ ಮಾಡಿ ಮಾಡಿ ಓದುತ್ತಾ ಇದ್ದ ಭಾನುವಾರ, ಸೋಮವಾರದ ರಿವ್ಯೂಗೆ ನಾನೇ ಮಾಡಿಟ್ಟಿದ್ದ ಸ್ಲೈಡ್ ತೆಗೆದು ನೋಡಿದೆ. ಮೇಲೆ ನನ್ನ ಹೆಸರು. ಪಕ್ಕದಲ್ಲಿ ‘ಅಂಡ್ ಟೀಮ್’. ಯಾವಾಗ ಟೈಪ್ ಮಾಡಿದ್ದೆ ಅಂತಲೂ ನೆನಪಿಲ್ಲ; ಕೈಗೆ ಅಷ್ಟು ಅಭ್ಯಾಸ ಆಗಿಹೋಗಿದೆ.

ಅಳಿಸಿ ಒಂಬತ್ತು ಹೆಸರು ಬರೆದೆ, ಟೆಸ್ಟಿಂಗ್‌ನ ಇಬ್ಬರನ್ನೂ ಸೇರಿಸಿ. ಜಾಗ ಸಾಲದೆ ಅಕ್ಷರ ಸಣ್ಣದು ಮಾಡಬೇಕಾಯ್ತು. ರಿವ್ಯೂನಲ್ಲಿ ಮ್ಯಾನೇಜರ್ ಅಂದದ್ದು ಒಂದೇ ಮಾತು: ಸ್ಲೈಡಿನಲ್ಲಿ ಟೆಕ್ಸ್ಟ್ ಜಾಸ್ತಿ ಆಯ್ತು. ಜಾಸ್ತಿ ಆಗಿತ್ತು, ನಿಜ. ಹಾಗೇ ಬಿಟ್ಟಿದ್ದೀನಿ.